ಪ್ಲೇಟೋ, ಲಿಂಕೋ: ಎತ್ತರಿಸಿದ ಪಿಕಪ್ಪಿನ ಹಿಂಬದಿ

ಪಿಕಪ್ ಟ್ರಕ್ ಎಂದಮೇಲೆ ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟು, ಇರಲೇಬೇಕು, ಕಾಯಿಲ್ ಸ್ಪ್ರಿಂಗು ಲಿಂಕು ಎಲ್ಲ ಕಾರಿನವರ ಷೋಕಿ ಎಂದು ಹೇಳುವವರು ಬಹಳ. ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಷೆವ್ರೊಲೆ ಕಂಪನಿ 1960ರಿಂದ 1972ರವರೆಗೆ ತನ್ನ ಎರಡು ಚಕ್ರ ಚಾಲನೆಯ ಹಗುರ ಪಿಕಪ್‌ಗಳ ಹಿಂಬದಿಗೆ ಎರಡು ಉದ್ದನೆಯ ತೋಳು, ಕಾಯಿಲ್ ಸ್ಪ್ರಿಂಗು, ಒಂದು ಅಡ್ಡ ಸರಳು ಕೊಟ್ಟು ಮಾರಿತು. 1973ರ ಹೊಸ ಮಾದರಿಯಲ್ಲಿ ಮತ್ತೆ ಪ್ಲೇಟುಗಳಿಗೆ ಮರಳಿತು. ಆ ತೋಳಿನ ವಿನ್ಯಾಸ ಮಾತ್ರ ನ್ಯಾಸ್ಕಾರ್ ರೇಸಿನ ಕಾರುಗಳಿಗೆ ಹೋಗಿ ಸೇರಿಕೊಂಡು ಅದರ ಮುಖ್ಯ ಸರಣಿಯಲ್ಲಿ 2021ರವರೆಗೂ ಬಾಳಿತು. ಮುಂದೆ 2009ರ ಮಾದರಿಯಲ್ಲಿ ಡಾಡ್ಜ್ ರ‍್ಯಾಮ್ 1500, 2014ರಲ್ಲಿ ರ‍್ಯಾಮ್ 2500, 2021ರಲ್ಲಿ ಫೋರ್ಡ್ ಎಫ್-150 ರ‍್ಯಾಪ್ಟರ್, 2022ರಲ್ಲಿ ಟೊಯೊಟ ಟಂಡ್ರ ಒಂದೊಂದಾಗಿ ಲಿಂಕುಗಳಿಗೆ ಬಂದವು. ಸಾಮಾನ್ಯ ಎಫ್-150, ಷೆವ್ರೊಲೆ ಸಿಲ್ವರಾಡೊ, ರ‍್ಯಾಮ್ 3500 ಪ್ಲೇಟುಗಳಲ್ಲೇ ಉಳಿದವು. ಒಂದೇ ಕಾಲದ, ಒಂದೇ ಪೇಟೆಯ ಗಾಡಿಗಳು ಹೀಗೆ ಎರಡು ದಾರಿ ಹಿಡಿದಿವೆ ಎಂದರೆ ಇಲ್ಲಿ ಹಳತು ಹೊಸತರ ಜಗಳವಿಲ್ಲ. ಯಾವ ಕೆಲಸಕ್ಕೆ ಯಾವುದು ಎಂಬ ಪ್ರಶ್ನೆಯಿದೆ.

ಕಾರ್ಖಾನೆಯವರಿಗಿಂತ ಕಷ್ಟದ ಪ್ರಶ್ನೆ ಮಾಲೀಕರದು. ಅಮೆರಿಕದಲ್ಲಿ ಪಿಕಪ್ಪನ್ನು ನಾಲ್ಕು, ಆರು ಇಂಚು ಎತ್ತರಿಸಿ 35 ಇಂಚಿನ ಟೈರು ಹಾಕುವುದು ದೊಡ್ಡ ಹವ್ಯಾಸ, ದೊಡ್ಡ ವ್ಯಾಪಾರ. ಎತ್ತರಿಸಿದ ಮೇಲೆ ಹಿಂಬದಿ ಕುಪ್ಪಳಿಸತೊಡಗುತ್ತದೆ, ವೇಗ ಹೆಚ್ಚಿಸಿದಾಗ ಅಡಿಯಲ್ಲಿ ನಡುಕ ಬರುತ್ತದೆ, ಕಲ್ಲಿನ ಮೇಲೆ ಒಂದು ಚಕ್ರ ಗಾಳಿಯಲ್ಲಿ ತೂಗುತ್ತದೆ. ಆಗ ಪ್ಲೇಟುಗಳನ್ನೇ ಕಿತ್ತು ಲಿಂಕು ಹಾಕಿಬಿಡೋಣ ಎನ್ನಿಸುತ್ತದೆ. ಆಸೆ ತಪ್ಪಲ್ಲ. ಆದರೆ ಕಿತ್ತುಹಾಕುವ ಪ್ಲೇಟು ಏನೇನು ಕೆಲಸ ಮಾಡುತ್ತಿತ್ತು ಎಂಬ ಲೆಕ್ಕ ಇಲ್ಲದೆ ಕಟರ್ ಕೈಗೆತ್ತಿಕೊಂಡವರ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ, ಕೆಲವೊಮ್ಮೆ ಅಪಾಯಕಾರಿಯಾಗಿಯೂ.

ಲೀಫ್ ಸ್ಪ್ರಿಂಗ್ ಭಾರ ಹೊರುವುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಅದರ ಎರಡನೆಯ ಕೆಲಸ ಕಾಣುವುದಿಲ್ಲ. ಆಕ್ಸಲ್ ಹಿಂದೆ ಮುಂದೆ ಹೋಗದಂತೆ, ಎಡಬಲಕ್ಕೆ ಜರುಗದಂತೆ, ತನ್ನ ಅಕ್ಷದ ಮೇಲೆ ತಿರುಚಿಕೊಳ್ಳದಂತೆ ಹಿಡಿದಿಡುವುದೂ ಅದೇ. ಮನೆಯ ಕಂಬವೇ ಬಾಗಿಲ ಕೀಲೂ ಆದಂತೆ. ಚಕ್ರ ನೆಲವನ್ನು ಹಿಂದಕ್ಕೆ ತಳ್ಳಿದಾಗ ಹುಟ್ಟುವ ಬಲವೆಲ್ಲ ಪ್ಲೇಟಿನ ಮುಂದಿನ ಅರ್ಧದ ಮೂಲಕವೇ ಚಾಸಿಗೆ ಹೋಗಿ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಪ್ಲೇಟುಗಳು ಒಂದರ ಮೇಲೊಂದು ಉಜ್ಜುವ ಘರ್ಷಣೆ ಕುಪ್ಪಳಿಕೆಯನ್ನು ಸ್ವಲ್ಪ ತಡೆಯುತ್ತದೆ. ಜೊತೆಗೆ ಪ್ರತಿ ಬದಿಯಲ್ಲೂ ಭಾರ ಚಾಸಿಗೆ ಎರಡು ಕಡೆ, ನಾಲ್ಕೈದು ಅಡಿ ಅಂತರದಲ್ಲಿ ಹಂಚಿ ಬೀಳುತ್ತದೆ. ಪಿಕಪ್ಪಿನ ಚಾಸಿ ಹಿಂದೆ ತೆಳ್ಳಗಿದ್ದರೂ ತಡೆಯುವುದಕ್ಕೆ ಇದೂ ಒಂದು ಕಾರಣ. ನಾಲ್ಕಾರು ಉಕ್ಕಿನ ಪಟ್ಟಿ, ಎರಡು ಯೂ-ಬೋಲ್ಟು, ಪ್ಲೇಟಿನ ತುದಿಗೆ ಆಡಲು ಬಿಡುವ ಒಂದು ಶ್ಯಾಕಲ್ ಸೇರಿ ಇಷ್ಟನ್ನು ಮಾಡುತ್ತವೆ. ಇಷ್ಟು ಅಗ್ಗವಾಗಿ ಇಷ್ಟು ಕೆಲಸ ಮಾಡುವ ಇನ್ನೊಂದು ಭಾಗ ಗಾಡಿಯಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಒಂದೇ ಭಾಗ ಎರಡು ಕೆಲಸ ಮಾಡುವುದರಲ್ಲೇ ತೊಂದರೆಯ ಬೀಜವೂ ಇದೆ. ಸವಾರಿ ಹಿತವಾಗಲು ಪ್ಲೇಟು ಮೆದುವಾಗಿರಬೇಕು. ಆಕ್ಸಲನ್ನು ಬಿಗಿಯಾಗಿ ಹಿಡಿಯಲು ಗಟ್ಟಿಯಾಗಿರಬೇಕು. ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ಹೌಸಿಂಗ್ ಚಕ್ರದ ವಿರುದ್ಧ ದಿಕ್ಕಿಗೆ ತಿರುಗಲು ಹೊರಡುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಮೂಗು ಮೇಲೇಳುತ್ತದೆ, ಪ್ಲೇಟು ಅಡ್ಡ ಮಲಗಿದ ಎಸ್ ಅಕ್ಷರದ ಹಾಗೆ ತಿರುಚುತ್ತದೆ. ಟೈರು ಹಿಡಿತ ಕಳೆದುಕೊಂಡ ಕ್ಷಣ ಪ್ಲೇಟು ಬಿಚ್ಚಿಕೊಳ್ಳುತ್ತದೆ, ಟೈರು ಮತ್ತೆ ಹಿಡಿಯುತ್ತದೆ, ಮತ್ತೆ ತಿರುಚು. ಕಡಿದಾದ ಏರಿನಲ್ಲಿ ಹಿಂಬದಿ ಧಡಧಡ ಬಡಿದುಕೊಳ್ಳುವುದು ಇದರಿಂದಲೇ. ಯೂನಿವರ್ಸಲ್ ಜಾಯಿಂಟ್ ಮುರಿಯುವುದೂ ಹೀಗೇ.

ಎತ್ತರಿಸುವ ವಿಧಾನ ಇದನ್ನು ಎಷ್ಟು ಹದಗೆಡಿಸುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 35 ಇಂಚಿನ ಟೈರಿನ ಗಾಡಿಯಲ್ಲಿ ಆಕ್ಸಲಿನ ಮಧ್ಯ ನೆಲದಿಂದ ಸುಮಾರು 42 ಸೆಂಟಿಮೀಟರ್, ಅದರ ಮೇಲೆ ಪ್ಲೇಟು ಕೂತ ಮಟ್ಟ ಸುಮಾರು 52 ಎಂದಿಟ್ಟುಕೊಳ್ಳಿ. ಚಕ್ರದ ತಳ್ಳುಬಲ ನೆಲದಲ್ಲಿ, ಅದನ್ನು ತಡೆಯುವ ಪ್ಲೇಟು 52 ಸೆಂಟಿಮೀಟರ್ ಮೇಲೆ. ತಿರುಚುವ ಸನ್ನೆಕೋಲಿನ ಉದ್ದ ಅಷ್ಟು. ಎತ್ತರಿಸಲೆಂದು ಆಕ್ಸಲಿಗೂ ಪ್ಲೇಟಿಗೂ ನಡುವೆ ನಾಲ್ಕು ಇಂಚಿನ, ಅಂದರೆ 10 ಸೆಂಟಿಮೀಟರಿನ ಬ್ಲಾಕ್ ಇಟ್ಟರೆ ಅದು 62 ಆಗುತ್ತದೆ. ತಿರುಚುವ ಬಲ ಐದನೆಯ ಒಂದು ಪಾಲಿನಷ್ಟು ಏರಿತು; ಪ್ಲೇಟು ಮಾತ್ರ ಹಳೆಯದೇ. ಉದ್ದನೆಯ ಯೂ-ಬೋಲ್ಟು ಸಡಿಲವಾಗುವುದು, ಬ್ಲಾಕ್ ಜರುಗುವುದು ಬೇರೆ. ಬ್ಲಾಕ್ ಬೇಡವೆಂದು ಹೆಚ್ಚು ಬಾಗಿದ ಗಟ್ಟಿ ಪ್ಲೇಟಿನ ಸೆಟ್ ಹಾಕಿದರೆ ತಿರುಚು ಕಡಿಮೆಯಾಗುತ್ತದೆ, ಆದರೆ ಖಾಲಿ ಗಾಡಿ ಒನಕೆಯಂತೆ ಕುಟ್ಟುತ್ತದೆ, ಚಕ್ರ ಕೆಳಗಿಳಿಯುವುದೂ ಕಡಿಮೆ.

ಆದ್ದರಿಂದ ಲಿಂಕಿನ ಮಾತಿಗೆ ಮುಂಚೆ ಕೇಳಬೇಕಾದದ್ದು: ತೊಂದರೆ ಪ್ಲೇಟಿನದೋ, ಎತ್ತರಿಸಿದ ರೀತಿಯದೋ? ಹೆಚ್ಚಿನ ಗಾಡಿಗಳಲ್ಲಿ ಎರಡನೆಯದು. ಉದ್ದನೆಯ ಪ್ಲೇಟು ಕಡಿಮೆ ಬಾಗಿ ಹೆಚ್ಚು ಚಲಿಸುತ್ತದೆ. ಷೆವ್ರೊಲೆಯ 63 ಇಂಚಿನ ಪ್ಲೇಟುಗಳನ್ನು ಅಮೆರಿಕದ ಹವ್ಯಾಸಿಗಳು ಬೇರೆ ಬೇರೆ ಗಾಡಿಗಳಿಗೆ ಹಾಕಿಕೊಂಡು ಬಂದಿರುವುದು ಇದೇ ಕಾರಣಕ್ಕೆ. ಹಳೆಯ ಷೆವ್ರೊಲೆಗಳಲ್ಲಿ ಶ್ಯಾಕಲ್ ತಲೆಕೆಳಗು ಮಾಡಿದರೆ ಬ್ಲಾಕ್ ಇಲ್ಲದೆಯೇ ಎತ್ತರ ಸಿಗುತ್ತದೆ. ತೆಳುವಾದ ಹೆಚ್ಚು ಪ್ಲೇಟುಗಳ ಸೆಟ್ ಮೆದುವಾಗಿಯೂ ಭಾರಕ್ಕೆ ತಕ್ಕಂತೆಯೂ ಇರಬಲ್ಲದು. ಆಕ್ಸಲಿನಿಂದ ಚಾಸಿಗೆ ಒಂದು ಟ್ರ್ಯಾಕ್ಷನ್ ಬಾರ್, ಅದರ ಮುಂದಿನ ತುದಿಗೆ ಶ್ಯಾಕಲ್ ಇಟ್ಟರೆ ತಿರುಚು ಹಿಡಿತಕ್ಕೆ ಬರುತ್ತದೆ, ಪ್ಲೇಟಿನ ಚಲನೆಗೂ ಅಡ್ಡಿಯಾಗುವುದಿಲ್ಲ. ಇವೆಲ್ಲ ಒಂದೆರಡು ವಾರಾಂತ್ಯದ ಕೆಲಸ. ಇವನ್ನು ಮಾಡಿ ನೋಡದೆ ಲಿಂಕಿಗೆ ಹಾರುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟೆಲ್ಲ ಆದರೂ ಪ್ಲೇಟಿಗೆ ದಾಟಲಾಗದ ಗಡಿಯೊಂದಿದೆ, ಅದನ್ನು ತೋರಿಸಿಕೊಟ್ಟವರು ಎರಡು ಬಗೆಯ ಜನ. ಮೆಕ್ಸಿಕೊದ ಬಾಹಾ ಪರ್ಯಾಯದ್ವೀಪದಲ್ಲಿ 1967ರಲ್ಲಿ ಶುರುವಾದ ಮರುಭೂಮಿ ಓಟದವರು ಮೊದಲಿಗರು. ಅಲ್ಲಿನ ಟ್ರೋಫಿ ಟ್ರಕ್ಕುಗಳ ಹಿಂದಿನ ಚಕ್ರ 30 ಇಂಚಿನಷ್ಟು ಮೇಲೆ ಕೆಳಗೆ ಆಡುತ್ತದೆ. ಅಷ್ಟು ಚಲನೆಯನ್ನೂ ವೇಗವನ್ನೂ ಪ್ಲೇಟು ತಾಳುವುದಿಲ್ಲ. ಇನ್ನೊಂದು ಕಡೆ ಕಲ್ಲು ಹತ್ತುವವರು. ಕ್ಯಾಲಿಫೋರ್ನಿಯಾದ ಜಾನ್ಸನ್ ಕಣಿವೆಯಲ್ಲಿ 2007ರಿಂದ ನಡೆಯುವ ಕಿಂಗ್ ಆಫ್ ದ ಹ್ಯಾಮರ್ಸ್ ಓಟ ಈ ಎರಡು ಕಲೆಗಳನ್ನೂ ಒಂದೇ ಗಾಡಿಯಿಂದ ಬೇಡುತ್ತದೆ. ಇಂದು ಮನೆಯಂಗಳದಲ್ಲಿ ಪಿಕಪ್ಪಿಗೆ ಲಿಂಕು ಬೆಸೆಯುವವರು ಬಳಸುವ ಅಳತೆ, ಕೀಲು, ಪದಗಳೆಲ್ಲ ಬಹುಪಾಲು ಇವರಿಂದ ಬಂದವು.

ಲಿಂಕು ಎಂದರೆ ಎರಡು ತುದಿಗೂ ಕೀಲಿರುವ ಸರಳು. ತನ್ನ ಉದ್ದದ ದಿಕ್ಕಿನಲ್ಲಿ ಎಳೆತ, ಒತ್ತು ತಡೆಯುವುದಷ್ಟೇ ಅದರ ಕೆಲಸ. ಭಾರ ಹೊರುವುದನ್ನು ಕಾಯಿಲ್ ಸ್ಪ್ರಿಂಗಿಗೋ ಗಾಳಿಚೀಲಕ್ಕೋ ಬಿಡಲಾಗುತ್ತದೆ. ಕೆಳಗೆರಡು ಮೇಲೆರಡು ಸರಳನ್ನು ಸಮಾನಾಂತರವಾಗಿ ಇಟ್ಟು, ಎಡಬಲದ ಜರುಗಾಟಕ್ಕೆ ಒಂದು ಪಾನ್‌ಹಾರ್ಡ್ ಸರಳು ಸೇರಿಸಿದರೆ ರ‍್ಯಾಮ್, ರ‍್ಯಾಪ್ಟರ್ ಮಾದರಿಯ ಐದು ಲಿಂಕು. ಮೇಲಿನ ಎರಡನ್ನು ಆಕ್ಸಲಿನ ಮಧ್ಯದ ಕಡೆಗೆ ಓರೆಯಾಗಿಸಿದರೆ ಅವೇ ಜರುಗಾಟವನ್ನೂ ತಡೆಯುತ್ತವೆ, ಪಾನ್‌ಹಾರ್ಡ್ ಬೇಕಿಲ್ಲ. ಹವ್ಯಾಸಿಗಳು ಹೆಚ್ಚಾಗಿ ಮೆಚ್ಚುವುದು ಇದನ್ನು. ಮೇಲೆ ಒಂದೇ ಲಿಂಕು ಇಟ್ಟರೆ ಜಾಗ ಉಳಿಯುತ್ತದೆ, ಆದರೆ ಮೇಲಿನ ಇಡೀ ಬಲ ಆ ಒಂದರ ಮೇಲೆ. ಪಾನ್‌ಹಾರ್ಡ್ ಸರಳು ಕಮಾನಿನಲ್ಲಿ ಚಲಿಸುವುದರಿಂದ ಆಕ್ಸಲನ್ನು ಸ್ವಲ್ಪ ಪಕ್ಕಕ್ಕೆಳೆಯುತ್ತದೆ. ಉದ್ದವಾಗಿ, ಮಟ್ಟಸವಾಗಿ ಇಟ್ಟಷ್ಟೂ ಎಳೆತ ಕಡಿಮೆ. ಆ ಎಳೆತ ಬಹುತೇಕ ಇಲ್ಲದ ವ್ಯವಸ್ಥೆ ವಾಟ್ಸ್ ಲಿಂಕ್, ನಡುವಿನ ತಿರುಗುವ ತುಂಡಿಗೆ ಎರಡು ಬದಿಯಿಂದ ಸರಳು ಜೋಡಿಸಿದ್ದು. ಫೋರ್ಡ್ ರೇಂಜರ್ ರ‍್ಯಾಪ್ಟರಿನಲ್ಲೂ ನಮ್ಮ ಮಹೀಂದ್ರ ಸ್ಕಾರ್ಪಿಯೊ-ಎನ್‌ನಲ್ಲೂ ಅದಿದೆ. ಮನೆಯಲ್ಲಿ ಕಟ್ಟುವವರಿಗೆ ಅಷ್ಟೊಂದು ಕೀಲುಗಳಿಗೆ ಜಾಗ ಹುಡುಕುವುದೇ ಕಷ್ಟ.

ಈಗ ಬಲಗಳ ಲೆಕ್ಕ. ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಇದು, ಪ್ರಾಣಕ್ಕೆ ಹತ್ತಿರವಾದದ್ದೂ ಇದೇ. ಹಿಂದಿನ ಚಕ್ರಗಳ ಮೇಲೆ 1500 ಕಿಲೊ ಇದೆ, ಟೈರು ಅಷ್ಟೇ ಬಲದಿಂದ ನೆಲವನ್ನು ತಳ್ಳುತ್ತಿದೆ ಎನ್ನಿ. ಕೆಳಗಿನ ಲಿಂಕುಗಳ ಕೀಲು ಆಕ್ಸಲಿನ ಬಳಿ ನೆಲದಿಂದ 40 ಸೆಂಟಿಮೀಟರ್, ಮೇಲಿನವುಗಳದು 60. ಲಿಂಕುಗಳು ನೆಲಕ್ಕೆ ಮಟ್ಟಸ. ಸನ್ನೆಕೋಲಿನ ಲೆಕ್ಕ ಹಾಕಿದರೆ ಕೆಳಗಿನ ಜೋಡಿಯ ಮೇಲೆ 4500 ಕಿಲೊ ಒತ್ತು, ಮೇಲಿನ ಜೋಡಿಯ ಮೇಲೆ 3000 ಕಿಲೊ ಎಳೆತ ಬರುತ್ತದೆ. ತಳ್ಳಿದ್ದು 1500, ಕೆಳಗಿನವು ತಾಳಬೇಕಾದ್ದು ಅದರ ಮೂರು ಪಟ್ಟು! ಮೇಲಿನ ಕೀಲನ್ನು 70 ಸೆಂಟಿಮೀಟರಿಗೆ ಏರಿಸಿ ನಡುವಿನ ಅಂತರ 30 ಮಾಡಿದರೆ ಅವೇ ಬಲಗಳು 3500 ಮತ್ತು 2000ಕ್ಕೆ ಇಳಿಯುತ್ತವೆ. ಟೈರಿನ ವ್ಯಾಸದ ಕಾಲುಭಾಗದಷ್ಟಾದರೂ ಅಂತರ ಆಕ್ಸಲಿನ ಬಳಿ ಇರಲಿ ಎಂದು ಅನುಭವಿಗಳು ಹೇಳುವುದರ ಹಿಂದೆ ಇರುವುದು ಈ ಲೆಕ್ಕ. ಬ್ರೇಕ್ ಒತ್ತಿದಾಗ ದಿಕ್ಕು ಬದಲಾಗಿ ಎಳೆತವಿದ್ದಲ್ಲಿ ಒತ್ತು, ಒತ್ತಿದ್ದಲ್ಲಿ ಎಳೆತ. ಹಿಡಿತ ಕಳೆದುಕೊಂಡು ಸುತ್ತುತ್ತಿದ್ದ ಟೈರು ಒಮ್ಮೆಲೇ ಕಲ್ಲನ್ನು ಕಚ್ಚಿದಾಗಿನ ಪೆಟ್ಟು ಈ ಲೆಕ್ಕದ ಹೊರಗೆ, ಅದರ ಮೇಲೆ.

ಇನ್ನು ಸರಳಿನ ಉದ್ದ. ಉದ್ದ ಲಿಂಕು ಒಳ್ಳೆಯದು, ಅದರ ಕೋನ ನಿಧಾನವಾಗಿ ಬದಲಾಗುತ್ತದೆ. ಆದರೆ ಒತ್ತಿಗೆ ಸಿಕ್ಕ ಸರಳಿನ ಉದ್ದ ದುಪ್ಪಟ್ಟಾದರೆ ಅದನ್ನು ಬಾಗಿಸಲು ಬೇಕಾದ ಬಲ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಕೆಳಗಿನ ಲಿಂಕಿಗೆ ಎರಡು ಇಂಚು ವ್ಯಾಸ, ಕಾಲಿಂಚು ದಪ್ಪದ ಗಟ್ಟಿ ಉಕ್ಕಿನ ಕೊಳವೆ ಬಳಸುವುದು ಇದಕ್ಕೇ. ನೀರಿನ ಪೈಪಿನ ಕೆಲಸ ಅಲ್ಲ ಇದು. ಕೀಲುಗಳಲ್ಲಿ ರಬ್ಬರ್ ಬುಷ್ ಸದ್ದಿಲ್ಲದೆ ವರ್ಷಗಟ್ಟಲೆ ಬಾಳುತ್ತದೆ, ಆದರೆ ಹೆಚ್ಚು ತಿರುಗಲಾರದು. ಉಕ್ಕಿನ ಗುಂಡು ಕೀಲು ಎಲ್ಲ ಕಡೆಗೂ ತಿರುಗುತ್ತದೆ. ಧೂಳು ಕೆಸರಿನಲ್ಲಿ ಬೇಗ ಸವೆದು ಟಕಟಕ ಎನ್ನುತ್ತದೆ, ರಸ್ತೆಯ ಪ್ರತಿ ಸದ್ದನ್ನೂ ಕ್ಯಾಬಿನ್ನಿಗೆ ಕಳಿಸುತ್ತದೆ. ದಿನಾಲೂ ಓಡಿಸುವ ಗಾಡಿಗೆ ಚಾಸಿಯ ತುದಿಯಲ್ಲಿ ಬುಷ್, ಇನ್ನೊಂದು ತುದಿಯಲ್ಲಿ ಬಿಚ್ಚಿ ರಿಪೇರಿ ಮಾಡಬಹುದಾದ ಗುಂಡು ಕೀಲು ಇಡುವುದು ನನಗೆ ಸಮಂಜಸವೆನಿಸುತ್ತದೆ.

ಲಿಂಕುಗಳು ಮುರಿಯದೆ ಇದ್ದಮಾತ್ರಕ್ಕೆ ಗಾಡಿ ನೆಟ್ಟಗೆ ಓಡುತ್ತದೆ ಎಂದಲ್ಲ. ಪಕ್ಕದಿಂದ ನೋಡಿದಾಗ ಮೇಲಿನ, ಕೆಳಗಿನ ಲಿಂಕುಗಳ ಗೆರೆಗಳನ್ನು ಮುಂದಕ್ಕೆ ಎಳೆದರೆ ಎಲ್ಲೋ ಕೂಡುತ್ತವೆ. ಟೈರು ನೆಲ ಮುಟ್ಟುವ ಜಾಗದಿಂದ ಆ ಬಿಂದುವಿಗೆ ಗೆರೆ ಎಳೆದು ಮುಂದಿನ ಆಕ್ಸಲಿನ ನೇರಕ್ಕೆ ಅದು ಎಷ್ಟು ಎತ್ತರದಲ್ಲಿ ಬರುತ್ತದೆಂದು ನೋಡಬೇಕು. ಗಾಡಿಯ ಗುರುತ್ವಕೇಂದ್ರದಷ್ಟೇ ಎತ್ತರ ಬಂದರೆ ಆಂಟಿ-ಸ್ಕ್ವಾಟ್ ನೂರಕ್ಕೆ ನೂರು. ವೇಗ ಹೆಚ್ಚಿಸಿದಾಗ ಹಿಂಬದಿ ಕೂರುವುದೂ ಇಲ್ಲ, ಏಳುವುದೂ ಇಲ್ಲ. ತೀರಾ ಹೆಚ್ಚಾದರೆ ಹಿಂಬದಿ ಮೇಲೇಳುತ್ತದೆ, ಏರಿನಲ್ಲಿ ಟೈರು ಕುಣಿಯುತ್ತದೆ, ಅಂದರೆ ಪ್ಲೇಟಿನಿಂದ ತಪ್ಪಿಸಿಕೊಳ್ಳಲು ಹೊರಟ ಅದೇ ರೋಗ ವಾಪಸು. ತೀರಾ ಕಡಿಮೆಯಾದರೆ ಹಿಂಬದಿ ಕುಸಿದು ಮುಂಬದಿ ಹಗುರಾಗುತ್ತದೆ. ಈ ಲೆಕ್ಕ ಹಾಕುವ ಸ್ಪ್ರೆಡ್‌ಶೀಟುಗಳು ಪುಕ್ಕಟೆ ಸಿಗುತ್ತವೆ. ಅವುಗಳಿಗೆ ಕೊಡುವ ಅಳತೆ ಸರಿಯಿರಬೇಕು, ಗುರುತ್ವಕೇಂದ್ರದ ಎತ್ತರವಂತೂ ಮುಖ್ಯ.

ಎತ್ತರಿಸಿದ ಗಾಡಿಗೆ ಇನ್ನೊಂದು ಬಲೆ ಕಾದಿದೆ. ಚಾಸಿ ಮೇಲೆ ಹೋಯಿತು, ಆಕ್ಸಲ್ ಕೆಳಗೇ ಉಳಿಯಿತು. ಕೆಳಗಿನ ಲಿಂಕು ಮುಂದಿನಿಂದ ಹಿಂದಕ್ಕೆ ಇಳಿಜಾರಾಯಿತು. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಬದಿಯ ಚಕ್ರ ಮೇಲೇರುತ್ತಾ ಹಿಂದಕ್ಕೆ ಸರಿಯುತ್ತದೆ, ಒಳಬದಿಯದು ಇಳಿಯುತ್ತಾ ಮುಂದಕ್ಕೆ. ಆಕ್ಸಲ್ ತಾನಾಗಿ ಓರೆಯಾಗಿ ಹಿಂಬದಿಯನ್ನು ತಿರುವಿನ ಹೊರಕ್ಕೆ ನಡೆಸುತ್ತದೆ. ಹೆದ್ದಾರಿಯಲ್ಲಿ ಒಮ್ಮೆಲೇ ಲೇನ್ ಬದಲಿಸಿದಾಗ ಇದು ಹೆದರಿಸುತ್ತದೆ. ಚಾಸಿಯ ಕಡೆಯ ಬ್ರಾಕೆಟ್ಟನ್ನು ಕೆಳಗಿಳಿಸಿದರೆ ಕೋನ ಸರಿಹೋಗುತ್ತದೆ, ಆದರೆ ಎತ್ತರಿಸಿ ಗಳಿಸಿದ ನೆಲದಂತರವನ್ನು ಆ ಬ್ರಾಕೆಟ್ಟೇ ತಿಂದುಹಾಕುತ್ತದೆ. ಇಲ್ಲಿ ಎರಡೂ ಬೇಕೆಂದರೆ ಆಗುವುದಿಲ್ಲ. ನನ್ನ ಒಲವು ಕಡಿಮೆ ಎತ್ತರಿಸುವುದರ ಕಡೆಗೆ; ಮೂರ್ನಾಲ್ಕು ಇಂಚಿನಲ್ಲಿ ನಿಲ್ಲಿಸಿದವರಿಗೆ ಈ ಸಂಕಟ ಬಹುತೇಕ ಬರುವುದಿಲ್ಲ. ಪ್ಲೇಟು ಕಿತ್ತ ಮೇಲೆ ಕಾಯಿಲುಗಳು ಒಳಕ್ಕೆ ಸರಿದು ಕೂರುವುದರಿಂದ ವಾಲಾಟವೂ ಹೆಚ್ಚುತ್ತದೆ. ಆಂಟಿ-ರೋಲ್ ಬಾರ್ ಆಮೇಲೆ ನೋಡೋಣ ಎಂದು ಬಿಡುವ ವಸ್ತುವಲ್ಲ.

ಪಿಕಪ್ಪಿನ ನಿಜವಾದ ಪರೀಕ್ಷೆ ಹೊರೆ. ಖಾಲಿ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗುಗಳ ಮೇಲೆ ಕೂತಿರುವುದು 800 ಕಿಲೊ ಎನ್ನಿ. ಕಾರಿನಷ್ಟು ಹಿತವಾಗಿ ಸಾಗುವ ಒಂದೇ ಬಿಗಿಯ ಕಾಯಿಲ್ ಹಾಕಿ ಅದರ ಮೇಲೆ 700 ಕಿಲೊ ಹೇರಿದರೆ ಹಿಂಬದಿ ಸುಮಾರು 13 ಸೆಂಟಿಮೀಟರ್ ಕುಸಿಯುತ್ತದೆ. ಹೆಡ್‌ಲೈಟು ಆಕಾಶ ನೋಡುತ್ತದೆ, ಲಿಂಕುಗಳ ಕೋನವೆಲ್ಲ ಬದಲಾಗಿ ಹಾಕಿದ ಲೆಕ್ಕ ಸುಳ್ಳಾಗುತ್ತದೆ. ಪ್ಲೇಟಿನ ಸೆಟ್ಟಿನಲ್ಲಿ ಕೆಳಗಿನ ದಪ್ಪ ಪ್ಲೇಟು ಹೊರೆ ಬಿದ್ದಾಗ ತಾನೇ ಬಂದು ಕೈಕೊಡುತ್ತಿತ್ತು. ಕಾಯಿಲಿಗೆ ಆ ನೆರವು ಕೊಡಬೇಕಾದರೆ ಗಾಳಿಚೀಲವೋ ಎರಡು ಬಿಗಿಯ ಸ್ಪ್ರಿಂಗೋ ಬೇಕು. 2500ರಲ್ಲಿ ಕಾಯಿಲ್ ಹಾಕಿದ ರ‍್ಯಾಮ್ ಅದಕ್ಕಿಂತ ಹೆಚ್ಚು ಹೊರುವ 3500ರಲ್ಲಿ ಪ್ಲೇಟನ್ನೇ ಉಳಿಸಿಕೊಂಡದ್ದು ನನಗೆ ಈ ಇಡೀ ಚರ್ಚೆಯ ಅತಿ ಬಲವಾದ ಸಾಕ್ಷ್ಯ. ನೂರಾರು ಎಂಜಿನಿಯರುಗಳಿರುವ ಕಂಪನಿಯೇ ಗೆರೆಯನ್ನು ಅಲ್ಲಿ ಎಳೆದಿದೆ.

ಉಳಿದ ತೊಡಕುಗಳು ಗಾಡಿಯ ಕೆಳಗೆ ಮಲಗಿ ನೋಡಿದವರಿಗೆ ಕಾಣುವಂಥವು. ಪೆಟ್ರೋಲ್ ಟ್ಯಾಂಕು, ಸೈಲೆನ್ಸರು, ಸ್ಟೆಪ್ನಿ ಮೂರೂ ಲಿಂಕು ಹೋಗಬೇಕಾದ ದಾರಿಯಲ್ಲೇ ಇರುತ್ತವೆ. ಶಾಕ್ ಅಬ್ಸಾರ್ಬರಿನ ಸುತ್ತ ಕಾಯಿಲ್ ಕೂರಿಸಿದ ಉದ್ದನೆಯ ಕಾಯಿಲೋವರ್ ನಿಲ್ಲಿಸಲು ತೊಟ್ಟಿಯ ನೆಲ ಕೊರೆಯಬೇಕಾಗಬಹುದು, ಹೊರೆ ಹಾಕುವ ಜಾಗ ಹೋಯಿತು. ಚಾಸಿಗೆ ಭಾರ ಈಗ ಒಂದೇ ಬಿಂದುವಿನಲ್ಲಿ ಬೀಳುವುದರಿಂದ ಅಲ್ಲಿ ಬಲಪಡಿಸದೆ ವೆಲ್ಡ್ ಮಾಡಿದರೆ ಬಿರುಕು ಬಿಡುತ್ತದೆ; ಇತ್ತೀಚಿನ ಚಾಸಿಗಳ ಹೆಚ್ಚು ಬಲದ ಉಕ್ಕು ವೆಲ್ಡಿಂಗಿನ ಬಿಸಿಗೆ ತನ್ನ ಬಲ ಕಳೆದುಕೊಳ್ಳುವುದೂ ಉಂಟು. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕೋನಗಳು ಸಮನಾಗಿಲ್ಲದಿದ್ದರೆ ನಡುಕ ಹೋಗುವುದಿಲ್ಲ, ಚಕ್ರ ಪೂರ್ತಿ ಇಳಿದಾಗ ಶಾಫ್ಟ್ ಕಳಚಿ ಬರದಷ್ಟು ಜಾರುವ ಉದ್ದವೂ ಬೇಕು. ಬ್ರೇಕಿನ ಹೋಸ್, ಎಬಿಎಸ್ ತಂತಿ ಉದ್ದವಾಗಬೇಕು.

ಕಾನೂನು ದೇಶಕ್ಕೊಂದು ತರ. ಅಮೆರಿಕದಲ್ಲಿ ಬಂಪರಿನ, ಚಾಸಿಯ ಎತ್ತರಕ್ಕೆ ಹಲವು ರಾಜ್ಯಗಳು ಮಿತಿ ಹಾಕಿವೆ, ಮಿತಿಗಳು ಒಂದೊಂದು ಕಡೆ ಒಂದೊಂದು. ಆಸ್ಟ್ರೇಲಿಯಾದಲ್ಲಿ ಇಂಥ ದೊಡ್ಡ ಬದಲಾವಣೆಗೆ ಎಂಜಿನಿಯರ್ ಒಬ್ಬರ ಪ್ರಮಾಣಪತ್ರ ಬೇಕು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ವಿವರಕ್ಕಿಂತ ಬೇರೆಯಾಗಿ ಗಾಡಿಯನ್ನು ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. ಸಕಲೇಶಪುರ, ಕೊಡಗಿನ ಕೆಸರು ದಾರಿಗಳಿಗೆ ಗಾಡಿ ಒಯ್ಯುವ ನಮ್ಮ ಹುಡುಗರು ಅಮೆರಿಕದ ವಿಡಿಯೊ ನೋಡಿ ಚಾಸಿ ಕೊಯ್ಯುವ ಮುಂಚೆ ಇದನ್ನು ತಿಳಿದಿರಬೇಕು, ಅಪಘಾತವಾದರೆ ವಿಮೆಯ ಮಾತೂ ಇಲ್ಲಿಂದಲೇ ಶುರುವಾಗುತ್ತದೆ. ಕಾರ್ಖಾನೆಯಿಂದಲೇ ಲಿಂಕು ಬೇಕೆಂದರೆ ಅದಕ್ಕೂ ದಾರಿಯಿದೆ. 2010ರ ಥಾರ್ ಹಿಂದೆ ಪ್ಲೇಟು ಹೊತ್ತು ಬಂದಿತ್ತು, 2020ರದು ಕಾಯಿಲೂ ಲಿಂಕುಗಳೂ ಇರುವ ಗಾಡಿ. ಕಾಫಿ ತೋಟದ ಗೊಬ್ಬರ, ಮೆಣಸಿನ ಚೀಲ ಹೊರುವ ಬೊಲೆರೊ ಪಿಕಪ್, ಹೈಲಕ್ಸ್, ವಿ-ಕ್ರಾಸ್‌ಗಳಲ್ಲಿ ಮಾತ್ರ ಪ್ಲೇಟೇ ಇದೆ, ಅದೇ ಸರಿ.

ಹಾಗಾದರೆ ಯಾರಿಗೆ ಲಿಂಕು? ಹೊರೆ ಹೊರದ, ಮರುಭೂಮಿಯಲ್ಲಿ ವೇಗವಾಗಿಯೋ ಕಲ್ಲಿನ ಮೇಲೆ ನಿಧಾನವಾಗಿಯೋ ಓಡಲೆಂದೇ ಇಟ್ಟುಕೊಂಡ, ಕಾನೂನು ಒಪ್ಪುವ ಊರಿನ ಗಾಡಿಗೆ ಲಿಂಕು ಕೊಡುವುದನ್ನು ಬೇರೆ ಯಾವುದೂ ಕೊಡಲಾರದು. ಚಕ್ರ ನೆಲವನ್ನು ಹುಡುಕಿಕೊಂಡು ಹೋಗಿ ಹಿಡಿಯುತ್ತದೆ, ಆಕ್ಸಲ್ ತಿರುಚುವುದಿಲ್ಲ, ಶಾಕ್ ಅಬ್ಸಾರ್ಬರ್ ಮೊದಲ ಸಲ ತನ್ನ ಕೆಲಸವನ್ನು ಪೂರ್ತಿ ಮಾಡುತ್ತದೆ. ವಾರಕ್ಕೊಮ್ಮೆ ಹೊರೆ ಹೊರುವ, ಟ್ರೇಲರ್ ಎಳೆಯುವ, ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಒಳ್ಳೆಯ ಪ್ಲೇಟಿನ ಸೆಟ್ಟೂ ಟ್ರ್ಯಾಕ್ಷನ್ ಬಾರೂ ಸಾಕು. ಲಿಂಕಿಗೇ ಹೊರಟವರಲ್ಲಿ ಒಂದು ಕೋರಿಕೆ: ಮೊದಲು ಗಾಡಿಯನ್ನು ಹೊರೆಯೊಂದಿಗೂ ಹೊರೆಯಿಲ್ಲದೆಯೂ ವೇಬ್ರಿಡ್ಜಿಗೆ ಒಯ್ಯಿರಿ, ಹಿಂದಿನ ಆಕ್ಸಲಿನ ತೂಕ ಬರೆದುಕೊಳ್ಳಿ, ಲಿಂಕುಗಳ ಜಾಗವನ್ನು ಕಾಗದದ ಮೇಲೆ ಗುರುತಿಸಿ ಲೆಕ್ಕ ಮುಗಿಸಿ. ಪ್ಲೇಟನ್ನು ಬಿಚ್ಚುವುದು ಅದಾದ ಮೇಲೆ.